ಕ್ವಾರ್ಟರ್ ರಾಯರು

ಮೊದಲೇ ಹೇಳಿಬಿಡುತ್ತೇನೆ, ಇದು ನೀವು ಅಂದುಕೊಂಡ ಕ್ವಾರ್ಟರ್ ಅಲ್ಲ. ನಮ್ಮ ರಾಯರು ಫಿಲ್ಟರ್ ಕಾಫಿಗಿಂತ ಖಡಕ್ಕಾದದ್ದು ಏನನ್ನೂ ಮುಟ್ಟಿದವರಲ್ಲ. ಅವರಿಗೆ ಹಿಡಿದಿರುವುದು ಅಮೆರಿಕದ 25 ಸೆಂಟಿನ ನಾಣ್ಯದ ಹುಚ್ಚು.

ರಾಯರಂಥವರನ್ನು ನೀವೂ ನೋಡಿರುತ್ತೀರಿ. ಖಜಾನೆಯಲ್ಲಿ ಹೆಡ್ ಕ್ಲರ್ಕಾಗಿ ನಿವೃತ್ತಿ, ಮಗ ನ್ಯೂ ಜೆರ್ಸಿಯಲ್ಲಿ, ವರ್ಷ ಬಿಟ್ಟು ವರ್ಷ ಆರು ತಿಂಗಳ ಪ್ರವಾಸ. ಮೊದಲ ಹದಿನೈದು ದಿನದಲ್ಲೇ ನಯಾಗರಾ ಮತ್ತು ಬ್ರಿಡ್ಜ್‌ವಾಟರ್ ವೆಂಕಟರಮಣ ಎರಡೂ ಮುಗಿಯುತ್ತವೆ. ಆಮೇಲೆ? ಕಾರು ಬಿಡಲು ಬಾರದು, ಹರಟೆಗೆ ಕಟ್ಟೆ ಇಲ್ಲ, ಬೆಳಿಗ್ಗೆ ಕನ್ನಡ ಪೇಪರಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾಸು ನುಂಗಿ ತಿರುಗುವ ವಾಷಿಂಗ್ ಮೆಷಿನ್ನುಗಳಿವೆ. ಅದಕ್ಕೆಂದು ಸೊಸೆ ಬ್ಯಾಂಕಿನಿಂದ ಹತ್ತು ಡಾಲರಿನ ಕ್ವಾರ್ಟರ್ ಸುರುಳಿ ತಂದಿಡುತ್ತಾಳೆ. ಸುರುಳಿಗೆ 40 ನಾಣ್ಯ. ಖಜಾನೆಯ ಕೈ ಸುಮ್ಮನಿರುತ್ತದೆಯೇ? ಎಣಿಸಲು ಕೂತರು. ಎಣಿಸುತ್ತಾ ಯೂಟ್ಯೂಬ್ ಹಾಕಿದರು. ಕೆಟ್ಟದ್ದು ಅಲ್ಲೇ.

ಯೂಟ್ಯೂಬ್ ಹೇಳಿದ್ದು ಸುಳ್ಳೇನಲ್ಲ. 1964ರವರೆಗೆ ಕ್ವಾರ್ಟರಿನಲ್ಲಿ ಶೇ. 90ರಷ್ಟು ಬೆಳ್ಳಿ ಇತ್ತು. ಬೆಳ್ಳಿ ಸಾಲದೆ ಬಂದಾಗ, 1965ರ ಜುಲೈನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ಕಾಯ್ದೆಗೆ ಸಹಿ ಹಾಕಿ ಕ್ವಾರ್ಟರು, ಡೈಮುಗಳಿಂದ ಬೆಳ್ಳಿಯನ್ನು ಹೊರಗೆ ಕಳಿಸಿದರು. ಅಂದಿನಿಂದ ಆ ನಾಣ್ಯ ಹೋಳಿಗೆಯ ಹಾಗೆ: ಒಳಗೆ ಶುದ್ಧ ತಾಮ್ರದ ಹೂರಣ, ಮೇಲೆ ಕೆಳಗೆ ತಾಮ್ರ ಮೂರು ಪಾಲು ನಿಕಲ್ ಒಂದು ಪಾಲು ಬೆರೆಸಿದ ಬಿಳಿ ಕಣಕ. ಮೂರು ಹಾಳೆ ಒತ್ತಿ ಅಂಟಿಸಿ, ಬಿಲ್ಲೆ ಕತ್ತರಿಸಿ, ಅಚ್ಚು ಹೊಡೆಯುತ್ತಾರೆ. ಎಲ್ಲೋ ಅಪರೂಪಕ್ಕೆ ಒಂದು ಬದಿಯ ಹಾಳೆ ಸರಿಯಾಗಿ ಅಂಟದೆ ಕಳಚಿಕೊಂಡರೆ ಆ ಮುಖ ಕೆಂಪು ತಾಮ್ರವಾಗಿ ಹೊರಬರುತ್ತದೆ. ಅದೇ ‘ಮಿಸ್ಸಿಂಗ್ ಕ್ಲ್ಯಾಡ್ ಲೇಯರ್’. ಸಂಗ್ರಾಹಕರು ಅಂಥ ಕಾಲು ಡಾಲರಿಗೆ ನೂರು ಡಾಲರಿಗೂ ಮೇಲೆ ಕೊಡುವುದುಂಟು.

ಆ ಕ್ಷಣದಿಂದ ರಾಯರ ಕಣ್ಣಿಗೆ ಬಿದ್ದ ಕಂದು ನಾಣ್ಯವೆಲ್ಲ ಮಿಸ್ಸಿಂಗೇ. ಡ್ರೈಯರಿನ ಸಂದಿಯಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉರುಳಿ, ಅಂಚು ದುಂಡಗಾದ ನಾಣ್ಯ ಸಿಕ್ಕರೆ ಅದು “ಟಂಕಸಾಲೆಯ ರಹಸ್ಯ ಪ್ರಯೋಗ”. ಮಗ ಕೆಲಸದಿಂದ ಬಂದು ಶೂ ಬಿಚ್ಚುವ ಮೊದಲೇ ಭೂತಗನ್ನಡಿ ಮೂಗಿನ ಮುಂದೆ. “ನೋಡೋ, ನಿನ್ನ ಮನೆ ಸಾಲ ತೀರಿತು ಅಂದ್ಕೋ.”

ಕಿರೀಟಪ್ರಾಯವಾದದ್ದು ಪಾರ್ಕಿಂಗ್ ಲಾಟಿನ ಹಿಮ ಕರಗಿದಾಗ ಕೆಸರಿನಲ್ಲಿ ಸಿಕ್ಕಿತು. ವಾಷಿಂಗ್ಟನ್ನರ ಕೆನ್ನೆ ಕಂದು, ಕಿವಿಯ ಹತ್ತಿರ ಕಪ್ಪು ಮಚ್ಚೆ, ಕೊರಳ ಬಳಿ ಹಸಿರು ಛಾಯೆ. ತಿರುಗಿಸಿದರೆ ಆ ಬದಿಯೂ ಕಂದು, ಅಂಚೂ ಕಂದು. ಬೇರೆಯವರಾಗಿದ್ದರೆ ಅಲ್ಲೇ ಅನುಮಾನಪಡುತ್ತಿದ್ದರು. ರಾಯರು ಕುಣಿದಾಡಿದರು: “ಎರಡೂ ಪದರ ಹೋಗಿದೆ! ಡಬಲ್!”

ಮಗ ತಡೆಯಲಾರದೆ ನಾಣ್ಯದಂಗಡಿಗೆ ಕರೆದೊಯ್ದ. ಅಂಗಡಿಯವನು ಭೂತಗನ್ನಡಿ ಮುಟ್ಟಲೇ ಇಲ್ಲ. ಪುಟ್ಟ ಡಿಜಿಟಲ್ ತಕ್ಕಡಿ ಎಳೆದು ನಾಣ್ಯ ಇಟ್ಟ. 5.61. ಕ್ವಾರ್ಟರಿನ ನಿಗದಿತ ತೂಕ 5.67 ಗ್ರಾಂ, 0.227 ಗ್ರಾಂ ಹೆಚ್ಚುಕಮ್ಮಿಯಾದರೆ ಟಂಕಸಾಲೆಯೇ ಒಪ್ಪುತ್ತದೆ. ಒಂದೊಂದು ಪದರವೂ ತೂಕದ ಆರನೇ ಒಂದು ಪಾಲು. ಒಂದು ಹೋದರೆ 4.7ರ ಸುತ್ತಮುತ್ತ, ಎರಡೂ ಹೋದರೆ 3.8ಕ್ಕೆ ಇಳಿಯಬೇಕು. “ಏನೂ ಹೋಗಿಲ್ಲ ಸರ್. ಮಣ್ಣು, ನೀರು, ರಸ್ತೆಗೆ ಸುರಿದ ಉಪ್ಪು ಸೇರಿ ಬಣ್ಣ ತಿರುಗಿದೆ, ಅಷ್ಟೆ” ಎಂದ.

ರಾಯರು ಸೋಲುವವರೇ? ಖಜಾನೆಯ ಗತ್ತಿನಲ್ಲಿ ಕೇಳಿದರು: “ನಿಮ್ಮ ತಕ್ಕಡಿಗೆ ಈ ವರ್ಷದ ಸರ್ಕಾರಿ ಸೀಲ್ ಬಿದ್ದಿದೆಯೋ?”

ಅಂಗಡಿಯವನು ನಕ್ಕು, ಡ್ರಾಯರಿನಿಂದ ನಿಜವಾದ ಮಿಸ್ಸಿಂಗ್ ಒಂದನ್ನು ತೆಗೆದು ಪಕ್ಕದಲ್ಲಿಟ್ಟ. ಒಂದು ಮುಖ ಬಿಳಿ, ಇನ್ನೊಂದು ಅಂಚಿನಿಂದ ಅಂಚಿಗೆ ಒಂದೇ ಸಮನಾದ ತಾಮ್ರ, ಮಚ್ಚೆಯಿಲ್ಲ, ಹಸಿರಿಲ್ಲ. ಬಿಲ್ಲೆ ತೆಳುವಾದ್ದರಿಂದ ಅಚ್ಚು ಪೂರಾ ಕೂರದೆ ಅಕ್ಷರಗಳು ಅಲ್ಲಲ್ಲಿ ಮಂಕಾಗಿವೆ. ನಿಲ್ಲಿಸಿ ಅಂಚು ನೋಡಿದರೆ ಎರಡು ಬಿಳಿ ಗೆರೆಯ ಬದಲು ಒಂದೇ. ರಾಯರು ಬಹಳ ಹೊತ್ತು ನೋಡಿದರು. “ಇದು ಸ್ವಲ್ಪ ಅನುಮಾನ” ಎಂದರು.

ಮನೆಯಲ್ಲಿ ಮೊಕದ್ದಮೆ ಇತ್ಯರ್ಥ ಮಾಡಿದವರು ಅವರ ಧರ್ಮಪತ್ನಿ. ದೇವರ ಪಂಚಪಾತ್ರೆ, ಉದ್ಧರಣೆಯ ಜೊತೆಗೇ ನಾಣ್ಯವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರು. ವಾಷಿಂಗ್ಟನ್ನರ ಹಣೆಯ ಮೇಲೆ ಕಳೆದುಹೋಗಿದ್ದ ಪದರ ಬೆಳ್ಳಗೆ ಇಣುಕಿತು. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆ ಇಳಿಯುತ್ತದೆ ಎಂದು ರಾಯರು ಕೂಗಾಡಿದರು. ಇಳಿಯಲಿಲ್ಲ. ಮೊದಲೂ 25 ಸೆಂಟ್, ಆಮೇಲೂ 25 ಸೆಂಟ್. ಸಂಜೆ ಅದೇ ನಾಣ್ಯ ಮೆಷಿನ್ನಿಗೆ ಬಿದ್ದು ರಾಯರ ಪಂಚೆ ಒಗೆಯಿತು.

ಈಗ ರಾಯರು ಊರಿಗೆ ಮರಳಿದ್ದಾರೆ. ನಮ್ಮ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದು. ಕಳಚಲು ಪದರವೇ ಇಲ್ಲವೆಂಬುದು ಅವರ ದೊಡ್ಡ ಕೊರಗು. ಹಾಗೆಂದು ಇಲ್ಲಿ ಹುಚ್ಚಿಗೆ ಬರವಿಲ್ಲ. ಹಳೆಯ ನಾಣ್ಯ ಲಕ್ಷಗಟ್ಟಲೆಗೆ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು.

ನಿಮಗೂ ಎಲ್ಲಾದರೂ ಕಂದು ಕ್ವಾರ್ಟರ್ ಸಿಕ್ಕರೆ ಬಣ್ಣಕ್ಕೆ ಮರುಳಾಗಬೇಡಿ, ತೂಗಿ ನೋಡಿ. 5.67ರ ಹತ್ತಿರವಿದ್ದರೆ ಬಟ್ಟೆ ಒಗೆಯಿರಿ. 4.7 ತೋರಿಸಿದರೆ ಮಾತ್ರ ಹುಣಸೆಹಣ್ಣಿನ ಭರಣಿಯನ್ನು ಬೀಗ ಹಾಕಿ ಇಡಿ.