ನಾಮಾಂತರದ ಉಪದ್ರವ

ಲಿನಕ್ಸ್ ತಂತ್ರಾಂಶವನ್ನು ಶ್ರದ್ಧೆಯಿಂದ ನವೀಕರಿಸಿ ಗಣಕವನ್ನು ಪುನಃ ಚಾಲೂ ಮಾಡಿದಾಗ, ತಂತಿ ಸ್ವಸ್ಥಾನದಲ್ಲಿದ್ದು ಹಸಿರು ದೀಪ ಮಿನುಗುತ್ತಿದ್ದರೂ ಅಂತರಜಾಲವು ಅಂತರ್ಧಾನವಾಗಿದ್ದರೆ, ನಮ್ಮ ಮಾಟುಂಗಾದ ಕಟ್ಟಡದಲ್ಲಿ ಸರ್ವರೂ ಏಕಕಂಠದಿಂದ ದೂರುವುದು ಮಳೆಯನ್ನು. "ಕೇಬಲ್ಲಿಗೆ ನೀರು ಹೊಕ್ಕಿದೆ ಮಾರಾಯರೇ," ಎಂದರು ನೆರೆಮನೆಯ ಹಿರಿಯರು.

ಮಳೆ ನಿರಪರಾಧಿ. ಎರಡು ಜಾಲ ಕಾರ್ಡುಗಳಿದ್ದಲ್ಲಿ ಇಂದು 'ಎತ್0' ಎಂಬ ಹೆಸರಿನದು ನಾಳೆ 'ಎತ್1' ಆಗುವ ಚಾಂಚಲ್ಯವನ್ನು ನಿವಾರಿಸಲೆಂದು, ಕಾರ್ಡು ಕುಳಿತ ಸ್ಥಾನವನ್ನನುಸರಿಸಿ 'ಇಎನ್‌ಪಿ3ಎಸ್0' ಎಂಬಂಥ ಹೆಸರಿಡುವ ಪದ್ಧತಿಯನ್ನು ಲಿನಕ್ಸಿನ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ 2013ರಲ್ಲಿ ತಂದಿತು. ನವೀಕರಣದೊಡನೆ ಕಾರ್ಡಿಗೆ ಹೊಸ ಹೆಸರು ಬಂದರೂ, ಜಾಲದ ಹಳೆಯ ಸಂರಚನಾ ಕಡತವಾದರೋ 'ಎತ್0' ಎಂದೇ ಜಪಿಸುತ್ತಿರುತ್ತದೆ. ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣಕ್ಕೆ 1996ರಲ್ಲಿಯೇ ನಾಮಾಂತರವಾದರೂ ನಮ್ಮ ಹಿರಿಯರು ಇಂದಿಗೂ 'ವೀಟಿ'ಗೇ ಟಿಕೆಟು ಕೇಳುತ್ತಾರೆ, ಕಿಟಕಿಯೊಳಗಿನ ಪುಣ್ಯಾತ್ಮನು ಚಕಾರವೆತ್ತದೆ ಕೊಡುತ್ತಾನೆ. ಗಣಕಕ್ಕೆ ಅಂತಹ ದಾಕ್ಷಿಣ್ಯವೆಲ್ಲಿಯದು!

'ಐಪಿ ಲಿಂಕ್' ಎಂಬ ಆಜ್ಞೆಯಿತ್ತು ಕಾರ್ಡಿನ ಪ್ರಸ್ತುತ ನಾಮಧೇಯವನ್ನರಿತು, 'ಇಂಟರ್‌ಫೇಸಸ್' ಎಂಬ ಆ ಕಡತದಲ್ಲಿ ಹಳೆಯದಿದ್ದೆಡೆಯೆಲ್ಲ ಅದನ್ನೇ ಬರೆದು ಜಾಲಸೇವೆಯನ್ನು ಪುನಃ ಆರಂಭಿಸಿದೊಡನೆ ಸಂಪರ್ಕವು ಮರಳಿತು. ಅಷ್ಟರಲ್ಲಿ, ಹಿರಿಯರು ಫೋನಾಯಿಸಿ ಕರೆಸಿದ್ದ ಕೇಬಲ್ಲಿನವನು ತೊಟ್ಟಿಕ್ಕುವ ಛತ್ರಿಯೊಡನೆ ಒಳಬಂದು, ತಂತಿಯನ್ನೊಮ್ಮೆ ಎಳೆದು ನೋಡಿ, "ಆ ಗಯಾ ನಾ, ಸಾಬ್?" ಎಂದು ಸಕಲ ಕೀರ್ತಿಯನ್ನೂ ಚಹವನ್ನೂ ಸ್ವೀಕರಿಸಿ ಹೊರಟನು.