ಜುಟ್ಟು ಮತ್ತು ಬುರುಡೆ: ಒಂದು ಕುಕ್ಕುಟ ಮೀಮಾಂಸೆ

ತಲೆಯ ಮೇಲಿನ ಅಲಂಕಾರ ಏರಿದಷ್ಟೂ ತಲೆಯ ಚಾವಣಿ ಸಡಿಲವಾಗುತ್ತದೆ ಎಂಬುದು ಈ ಪ್ರಬಂಧದ ಸಿದ್ಧಾಂತ. ಮೊದಲ ಪ್ರಮಾಣ, ಪೋಲಿಷ್ ಎಂಬ ಕೋಳಿತಳಿ. ಅದರ ನೆತ್ತಿಯ ಮೇಲಿರುವುದು ನಮ್ಮ ನಾಟಿ ಹುಂಜದ ಕೆಂಪು ಮಾಂಸದ ಜುಟ್ಟಲ್ಲ, ಕಣ್ಣು ಮುಚ್ಚುವಷ್ಟು ದಟ್ಟವಾದ ಗರಿಯ ಜುಟ್ಟು. ಅದರಡಿ ಬುರುಡೆ ಉಬ್ಬಿ, ಮೂಳೆಯಲ್ಲಿ ಅಲ್ಲಲ್ಲಿ ತೂತು ಬಿದ್ದಿರುತ್ತದೆ. ಮಿದುಳು ಆ ಉಬ್ಬಿನೊಳಕ್ಕೆ ನುಗ್ಗಿ, ನಡು ಸಣ್ಣಗಾಗಿ, ಡಮರುವಿನಂತಾಗುತ್ತದೆ. 1868ರ ಗ್ರಂಥದಲ್ಲಿ ಡಾರ್ವಿನ್ ಈ ಬುರುಡೆಯನ್ನು ವರ್ಣಿಸಿದ್ದಲ್ಲದೆ, ತನ್ನಲ್ಲಿದ್ದ ಇಂಥದೊಂದು ಹೇಂಟೆ ಕಾಳು ಹಾಕುವ ಜಾಗದಿಂದ ನೂರು ಗಜ ದಾಟಿದರೆ ದಾರಿ ತಪ್ಪಿ, ಹಟ ಹಿಡಿದು ತಪ್ಪು ದಿಕ್ಕಿಗೇ ನಡೆಯುತ್ತಿತ್ತೆಂದೂ ಬರೆದಿದ್ದಾನೆ. 2012ರಲ್ಲಿ ಜುಟ್ಟಿನ ಕಾರಣದ ಸುಳಿವೂ ಸಿಕ್ಕಿತು: ಮುಂಡದಲ್ಲಿ ದುಡಿಯಬೇಕಾದ ಹಾಕ್ಸ್‌ಸಿ8 ಎಂಬ ಜೀನು ಈ ಕೋಳಿಗಳ ತಲೆಯ ಚರ್ಮದಲ್ಲಿ ದುಡಿಯುತ್ತಿರುತ್ತದೆ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ನಿಯೋಜನೆ ಎನ್ನುತ್ತಾರೆ.

ಇದರಲ್ಲಿ ಹೊಸದೇನಿದೆ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರೇ ಹೇಳಿಲ್ಲವೇ ಎಂಬುದು ಮೊದಲ ಆಕ್ಷೇಪ. ಹೇಳಿದ್ದಾರೆ, ಆದರೆ ಹೊಟ್ಟೆ ನೋಡಿದವರು ಬುರುಡೆ ನೋಡಲಿಲ್ಲ. ಜುಟ್ಟಿಲ್ಲದ ಕೋಳಿ ಮಾತ್ರ ಯಾವ ಪಂಡಿತ ಎಂಬುದು ಎರಡನೆಯದು. ಉತ್ತರ ದಾವಣಗೆರೆಯ ಮೆಕ್ಕೆಜೋಳದ ಕಣದಲ್ಲೇ ಇದೆ. ಅಲ್ಲಿ ಮೇಯುವ ಹೇಂಟೆ ಕತ್ತು ಓರೆ ಮಾಡುವುದು ಬಿಂಕಕ್ಕಲ್ಲ. ಕಾಳು ಯಾವುದು ಹರಳು ಯಾವುದು ಎಂದು ಬಿಡಿಸುವುದು ಬಲಗಣ್ಣು ಮತ್ತು ಎಡ ಮಿದುಳು. ಮೇಲಿನ ಹದ್ದನ್ನು ಕಾಯುವುದು ಎಡಗಣ್ಣು ಮತ್ತು ಬಲ ಮಿದುಳು. ಮೊಟ್ಟೆಯೊಳಗೆ ಕೊನೆಯ ದಿನಗಳಲ್ಲಿ ಮರಿಯ ಬಲಗಣ್ಣು ಚಿಪ್ಪಿನತ್ತ ತಿರುಗಿದ್ದು, ಬೆಳಕು ಅದಕ್ಕೇ ತಾಗುತ್ತದೆ. 2004ರ ಪ್ರಯೋಗವೊಂದರಲ್ಲಿ ಬೆಳಕು ಕಂಡ ಮೊಟ್ಟೆಯ ಮರಿಗಳು ಹರಳಿನ ನಡುವೆ ಕಾಳು ಹೆಕ್ಕುತ್ತಲೇ ಹದ್ದಿನ ಆಕೃತಿಯನ್ನೂ ಗಮನಿಸಿದವು. ಕತ್ತಲಲ್ಲಿ ಕಾವು ಪಡೆದವು ಎರಡರಲ್ಲೂ ತಡಬಡಾಯಿಸಿದವು. ಇಂಥದೇ ಹಂಚಿಕೆ ದಾವಣಗೆರೆಯ ಪಕ್ಕದ ಹರಿಹರದಲ್ಲೂ ಇದೆ: ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ, ಬಲಕ್ಕೆ ಹರ, ಎಡಕ್ಕೆ ಹರಿ, ವಿಗ್ರಹ ಒಂದೇ. ಅವನು ಕೋಳಿಯನ್ನು ನೋಡಿ ಕಟ್ಟಿಸಿದನೆಂದು ಶಾಸನ ಹೇಳುವುದಿಲ್ಲ. ಶಾಸನ ಹೇಳದ್ದನ್ನು ಹೇಳಲೆಂದೇ ಸಂಶೋಧಕರಿರುವುದು.

ಸಾಕಿದ ಕೋಳಿಯ ಮಿದುಳು ಕುಗ್ಗುತ್ತದಲ್ಲ ಎಂಬುದು ಮೂರನೆಯ ಆಕ್ಷೇಪ. ನಿಜ. ಸ್ವೀಡನ್ನಿನಲ್ಲಿ ಕಾಡುಕೋಳಿಗಳನ್ನು ಮನುಷ್ಯರಿಗೆ ಹೆದರದವುಗಳನ್ನೇ ಆರಿಸಿ ಹತ್ತು ತಲೆಮಾರು ಬೆಳೆಸಿದಾಗ, ಮೈಗೆ ಹೋಲಿಸಿದರೆ ಮಿದುಳು ಚಿಕ್ಕದಾಯಿತು. ಆದರೆ ಅಪಾಯವಿಲ್ಲದ ಬೆಳಕಿನ ಮಿಂಚಿಗೆ ಬೇಗ ಒಗ್ಗಿಕೊಂಡವೂ ಅವೇ. ಸುಮ್ಮಸುಮ್ಮನೆ ಬೆಚ್ಚದಿರುವುದೂ ಒಂದು ವಿದ್ಯೆ. ಡಾರ್ವಿನ್ನನ ಒಂದೇ ಹೇಂಟೆಯಿಂದ ಇಡೀ ಕುಲಕ್ಕೆ ದಡ್ಡ ಪಟ್ಟ ಕಟ್ಟಬಹುದೇ, ಜುಟ್ಟಿನ ಕೋಳಿಗಳು ಎಷ್ಟೋ ಕಡೆ ಚೆನ್ನಾಗಿಯೇ ಬಾಳುತ್ತಿವೆಯಲ್ಲ ಎಂಬುದು ಕೊನೆಯ ಆಕ್ಷೇಪ. ಒಪ್ಪಿದೆ: ನೂರು ಗಜದೊಳಗೆ ಎಲ್ಲರೂ ಜಾಣರೇ. ಉಳಿದಂತೆ, ಒಂದೂ ಹೇಂಟೆಯಿಲ್ಲದೆ ಪಿಎಚ್‌.ಡಿ. ಪಡೆದವರಿರುವ ನಾಡಿನಲ್ಲಿ ಒಂದು ಹೇಂಟೆ ಧಾರಾಳವಾಯಿತು.

ಇಷ್ಟಾದರೂ ಜನ ಮುಗಿಬಿದ್ದು ನೋಡುವುದು ಉಬ್ಬಿದ ಬುರುಡೆಯನ್ನೇ. ಎರಡು ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಮಿದುಳನ್ನು ಕೇಳುವವರಿಲ್ಲ. ಆದ್ದರಿಂದ ದಾವಣಗೆರೆ, ಹರಿಹರದ ಸಕಲ ಸನ್ಮಾನ ಸಮಿತಿಗಳಲ್ಲಿ ವಿನಂತಿ: ಗಣ್ಯರಿಗೆ ಪೇಟ ತೊಡಿಸುವ ಮುನ್ನ ಹರಳು ಬೆರೆಸಿದ ಒಂದು ಹಿಡಿ ಮೆಕ್ಕೆಜೋಳವನ್ನು ಅವರ ಮುಂದೆ ಸುರಿಯಿರಿ. ಆರಿಸಿ ಕೊಟ್ಟವರಿಗೆ ಪೇಟ. ಉಳಿದವರಿಗೆ ಶಾಲು ಸಾಕು.