ಲಿಪಿಕಾರರ ವಂಶ

ತಂತ್ರಾಂಶ ಬರೆಯುವವರು ಹಿಂದೆ ತಂತ್ರಾಂಶವನ್ನು ಮಾತ್ರ ಬರೆಯುತ್ತಿದ್ದರಂತೆ. ಈಗ ನಮ್ಮಲ್ಲಿ ನಾಲ್ಕು ಸಾಲು ಕೋಡ್ ಬರೆದವನು, ಅದರಿಂದ ತನ್ನ ಆತ್ಮಕ್ಕೊದಗಿದ ಸಂಸ್ಕಾರವನ್ನು ನಲವತ್ತು ಸಾಲುಗಳಲ್ಲಿ ಲಿಂಕ್ಡ್‌ಇನ್ನಿನಲ್ಲಿ ನಿವೇದಿಸಿಕೊಳ್ಳದೆ ಊಟಕ್ಕೇಳುವುದಿಲ್ಲ. ಈ ವ್ಯಾಧಿ ಬೆಂಗಳೂರಿನ ಹವೆಯಿಂದ ಹುಟ್ಟಿದ್ದೆಂದು ಬಲ್ಲವರು ಹೇಳುವರಾದರೂ, ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರದ ಬೆಟ್ಟವನ್ನು ಏದುಸಿರು ಬಿಡುತ್ತ ಹತ್ತಿದವನಿಗೆ, ಇದು ಎರಡು ಸಾವಿರ ವರ್ಷಗಳಿಗೂ ಪುರಾತನವೆಂಬ ಸಮಾಧಾನ ದೊರೆಯುತ್ತದೆ.

ರಾವಣನೊಡನೆ ಹೋರಾಡಿ ಜಟಾಯು ಬಿದ್ದುದು ಇಲ್ಲಿಯೇ ಎಂದು ಪ್ರತೀತಿ. ರೆಕ್ಕೆ ಕತ್ತರಿಸಲ್ಪಟ್ಟ ಆ ಪಕ್ಷಿ, ಒಯ್ದವನು ಯಾರು, ಹೋದ ದಿಕ್ಕು ಯಾವುದು ಎಂಬಿಷ್ಟನ್ನೇ ನುಡಿದು ಕಣ್ಮುಚ್ಚಿತು. 'ಈ ಪರಾಭವದಿಂದ ನಾನು ಕಲಿತ ಐದು ಪಾಠಗಳು' ಎಂದು ಆರಂಭಿಸಿದ್ದರೆ ರಾಮಾಯಣ ಕಿಷ್ಕಿಂಧೆಯನ್ನೂ ಮುಟ್ಟುತ್ತಿರಲಿಲ್ಲ. ಬಗ್ ವರದಿ ಮಾಡುವವರೆಲ್ಲ ಈ ಕ್ಷೇತ್ರದಲ್ಲೊಮ್ಮೆ ಹಣ್ಣುಕಾಯಿ ಮಾಡಿಸತಕ್ಕದ್ದು.

ಅದೇ ಬೆಟ್ಟದ ಬಂಡೆಯ ಮೇಲೆ, ನೆರೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿರುವಂತೆಯೇ, 1892ರಲ್ಲಿ ಶಾಸನಶೋಧಕ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವಿದೆ. ಒಂದೇ ಪೋಸ್ಟನ್ನು ಮೂರು ಕಡೆ ಹಾಕುವ ಪದ್ಧತಿಯೂ ನಮ್ಮದಲ್ಲ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳ ಕ್ಷೇಮ ವಿಚಾರಿಸಿ ಹೊರಟ ಆ ಒಕ್ಕಣೆಯಲ್ಲಿ ಚಕ್ರವರ್ತಿ, ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದೂ, ಅದರಲ್ಲಿ ಒಂದು ವರ್ಷ ಹೆಚ್ಚಿನ ಪರಿಶ್ರಮವನ್ನೇ ಮಾಡಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಅಪ್ರೈಸಲ್ ಸಮೀಪಿಸಿರುವಾಗ ಇಂಥ ಮಾತನ್ನು ಬರೆಯುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಈ ಪ್ರಾಂಜಲ ನುಡಿಗೆ ಜಟಿಂಗದಲ್ಲಿ ಸಂದ ಗೌರವವೆಂದರೆ, ಜಾತ್ರೆಯ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡಿ, ಬಂಡೆಗೆ ಬಳೆಗಾರರ ಗುಂಡೆಂಬ ಹೆಸರು ಬಿದ್ದು, ಅಕ್ಷರಗಳು ಬಹುಮಟ್ಟಿಗೆ ಸವೆದುಹೋದದ್ದು. ಪೋಸ್ಟಿನ ಮೇಲೆ ಜಾಹೀರಾತು ಬಂದು ಕೂಡುವುದೂ ಹೊಸದೇನಲ್ಲ.

ಬ್ರಹ್ಮಗಿರಿಯ ಪ್ರತಿಯ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು, ಶಾಸನವೆಲ್ಲವನ್ನೂ ವಿಧೇಯನಾಗಿ ಬ್ರಾಹ್ಮಿಯಲ್ಲಿ ಮುಗಿಸಿ, ತನ್ನ ವೃತ್ತಿಯನ್ನು ಹೇಳುವ ಒಂದೇ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ, ದೂರದ ವಾಯವ್ಯದ ಲಿಪಿಯಲ್ಲಿ, ಬರೆದಿದ್ದಾನೆ. ಕೋಡ್ ರಿವ್ಯೂ ಮಾಡುವ ನಮ್ಮ ಮಹಾಮಾತ್ರರು ಅಂದು ಅಲ್ಲಿದ್ದಿದ್ದರೆ 'ಶೈಲಿನಿಯಮಕ್ಕೆ ವಿರುದ್ಧ, ತಿದ್ದಿ' ಎಂದು ಹಿಂತಿರುಗಿಸುತ್ತಿದ್ದರು. ಅವನು ಎತ್ತಣಿಂದ ಬಂದವನಿರಬಹುದೆಂಬ ಏಕೈಕ ಸುಳಿವೂ ಅಳಿಯುತ್ತಿತ್ತು. ಆದುದರಿಂದ, ಕಿರಿಯ ಸಹೋದ್ಯೋಗಿಯೊಬ್ಬನು ಕೋಡಿನ ನಡುವೆ 'ಇದು ಹೇಗೆ ನಡೆಯುತ್ತಿದೆಯೋ ಶಿವನೇ ಬಲ್ಲ, ಮುಟ್ಟಬೇಡಿ' ಎಂದು ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟರೆ, ಅವನ ಸಮಸ್ತ ಪೋಸ್ಟುಗಳಿಗಿಂತ ಸತ್ಯವಾದ ಆ ಆತ್ಮನಿವೇದನೆಯನ್ನು ನಾನು ತಿದ್ದದೆ ಅಂಗೀಕರಿಸುತ್ತೇನೆ. ಮುಂದೆಂದೋ ಇನ್ನೊಬ್ಬ ರೈಸ್ ಬಂದು ಅದನ್ನು ಕಂಡು ಹಿಗ್ಗಬಹುದು. ಕೋಡನ್ನು ಓಡಿಸಿ ನೋಡುವ ಹಟ ಅವನಿಗಿರದಿದ್ದರೆ ಸಾಕು.